ನಮ್ಮ ಬಿಲ್‌ನ ತೊಂಬತ್ತು ದಿನ ಎಂದಿನಿಂದ ಶುರುವಾಗುತ್ತದೆ? ದೊಡ್ಡ ಕಂಪನಿಗಳ ಹಣಕಾಸು ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ದೊಡ್ಡ ಕಂಪನಿಗಳ ಹಣಕಾಸು ಹಾಗೂ ಖರೀದಿ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಕಾರ್ಖಾನೆಯ ಯಂತ್ರಗಳಿಗೆ ಬೇಕಾಗುವ ಕಂಟ್ರೋಲ್ ಪ್ಯಾನೆಲ್‌ಗಳನ್ನು ತಯಾರಿಸಿಕೊಡುವ ಸಣ್ಣದೊಂದು ಕಂಪನಿಯನ್ನು ನಾನು ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದೇನೆ. ನಾಲ್ಕು ಜನರಿಂದ ಶುರುವಾದದ್ದು ಈಗ ಅರವತ್ತು ದಾಟಿದೆ. ನಿಮ್ಮಲ್ಲಿ ಯಾರಿಗೂ ನನ್ನ ಪರಿಚಯವಿರಲಿಕ್ಕಿಲ್ಲ. ಆದರೆ ನನ್ನಂಥವರು ಕಳಿಸಿದ ಬಿಲ್‌ಗಳು ದಿನವೂ ನಿಮ್ಮ ವಿಭಾಗಗಳನ್ನು ಹಾದುಹೋಗುತ್ತವೆ, ಅಥವಾ ಹಾದುಹೋಗದೆ ಅಲ್ಲೇ ಉಳಿಯುತ್ತವೆ. ಯಾವುದೋ ಒಂದು ಬಾಕಿಯನ್ನು ವಸೂಲಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಕಂಪನಿ ಬೆಳೆಸುವುದರ ಕಷ್ಟಗಳ ಬಗ್ಗೆ ಮಾತಾಡುವವರೆಲ್ಲ ಒಳ್ಳೆಯ ಸರಕು, ಒಳ್ಳೆಯ ಜನ, ಬಂಡವಾಳ, ಪೈಪೋಟಿ ಎಂದು ಹೇಳುತ್ತಾರೆ, ಅದೆಲ್ಲ ನಿಜವೇ. ಆದರೆ ನಮ್ಮ ಕಂಪನಿ ಬಾಗಿಲು ಹಾಕುವ ಹಂತಕ್ಕೆ ಬಂದದ್ದು ಕೆಲಸವಿಲ್ಲದ ವರ್ಷದಲ್ಲಲ್ಲ, ಅತಿ ದೊಡ್ಡ ಆರ್ಡರ್ ಸಿಕ್ಕ ವರ್ಷದಲ್ಲಿ. ಅದಕ್ಕೆ ಕಾರಣವಾದದ್ದು ಹಣ ಎಷ್ಟು ಬರುತ್ತದೆ ಎಂಬುದಲ್ಲ, ಯಾವಾಗ ಬರುತ್ತದೆ ಎಂಬುದು. ಆ 'ಯಾವಾಗ' ಎಂಬುದನ್ನು ತೀರ್ಮಾನಿಸುವವರು ನೀವಾದ್ದರಿಂದ ನಿಮಗೇ ಬರೆಯುವುದು ಸರಿಯೆನಿಸಿತು.

ನಾವು ಕೆಲಸ ಶುರುಮಾಡಿದ ಐದನೇ ವರ್ಷದಲ್ಲಿ ದೊಡ್ಡ ಕಂಪನಿಯೊಂದರಿಂದ ಆರ್ಡರ್ ಬಂತು. ಹಿಂದಿನ ಇಡೀ ವರ್ಷದ ನಮ್ಮ ವಹಿವಾಟಿಗೆ ಸಮನಾದ ಆರ್ಡರ್ ಅದು. ಅಂದು ನಮ್ಮವರೆಲ್ಲ ಅರ್ಧ ವೈರಿಂಗ್ ಆಗಿದ್ದ ಪ್ಯಾನೆಲ್ ಒಂದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಆ ಫೋಟೊ ಇನ್ನೂ ನನ್ನ ಕೋಣೆಯ ಗೋಡೆಯ ಮೇಲಿದೆ. ಪರ್ಚೇಸ್ ಆರ್ಡರ್ ನಲವತ್ತೊಂದು ಪುಟಗಳಷ್ಟಿತ್ತು. ಇಪ್ಪತ್ತೇಳನೇ ಪುಟದಲ್ಲಿ, 'ಬಿಲ್ ಸ್ವೀಕೃತವಾದ ದಿನದಿಂದ 90 ದಿನಗಳೊಳಗೆ ಪಾವತಿ' ಎಂಬ ಸಾಲಿತ್ತು. ನಾನು ಅದನ್ನು ಓದದೆ ಸಹಿ ಹಾಕಿದೆನೆಂದು ಹೇಳಿಕೊಳ್ಳಲಾರೆ. ಓದಿದ್ದೆ, ಖರೀದಿ ವಿಭಾಗದವರನ್ನು ಕೇಳಿಯೂ ಇದ್ದೆ. ಎಲ್ಲ ವೆಂಡರ್‌ಗಳಿಗೂ ಇದೇ ನಿಯಮ, ಬದಲಾಯಿಸಲು ಬರುವುದಿಲ್ಲ ಎಂದು ಅವರು ವಿನಯದಿಂದಲೇ ಹೇಳಿದರು. ತೊಂಬತ್ತು ದಿನ ಹೇಗೋ ತಡೆದುಕೊಳ್ಳಬಹುದೆಂದು ಲೆಕ್ಕ ಹಾಕಿ ಸಹಿ ಮಾಡಿದೆ. ಆ ಸಾಲಿನಲ್ಲಿ ತೊಂಬತ್ತಕ್ಕಿಂತ ದುಬಾರಿಯಾದ ಪದ 'ಸ್ವೀಕೃತವಾದ' ಎಂಬುದು ಎಂದು ತಿಳಿದದ್ದು ಆಮೇಲೆ.

ಮೊದಲ ಕಂತಿನ ಸರಕು ಹೇಳಿದ ದಿನವೇ ತಲುಪಿತು. ಬಿಲ್ಲನ್ನು ಅವರ ವೆಂಡರ್ ಪೋರ್ಟಲ್‌ಗೆ, ಅಂದರೆ ಪೂರೈಕೆದಾರರು ಬಿಲ್ ಸಲ್ಲಿಸುವ ಜಾಲತಾಣಕ್ಕೆ, ಅಂದೇ ಹಾಕಿದೆವು. ಹತ್ತೊಂಬತ್ತನೇ ದಿನ ಅದು ತಿರಸ್ಕೃತವಾಗಿ ವಾಪಸು ಬಂತು: ಒಂದು ಐಟಂನ ಎದುರು ಪರ್ಚೇಸ್ ಆರ್ಡರ್‌ನ ಕ್ರಮಸಂಖ್ಯೆ ತಪ್ಪಿತ್ತು. ತಪ್ಪು ನಮ್ಮದೇ, ತಿದ್ದಿ ಇಪ್ಪತ್ತೆರಡನೇ ದಿನ ಮತ್ತೆ ಹಾಕಿದೆವು. ಮೂವತ್ತನಾಲ್ಕನೇ ದಿನ ಮತ್ತೆ ವಾಪಸು: ಸರಕು ಗೋದಾಮಿಗೆ ಬಂದ ಬಗ್ಗೆ ದಾಖಲೆಯಿಲ್ಲ. ಆ ದಾಖಲೆಯನ್ನು ಮಾಡಬೇಕಾದವರು ಅವರದೇ ಗೋದಾಮಿನವರು. ನಮ್ಮ ಹುಡುಗನೊಬ್ಬ ಅಲ್ಲಿಗೆ ಹೋಗಿ, ಗೇಟಿನಲ್ಲಿ ಎರಡು ದಿನ ಕಾದು, ಸಹಿಯಿದ್ದ ಚಲನ್ ತೋರಿಸಿ ಅದನ್ನು ಮಾಡಿಸಿಕೊಂಡು ಬಂದ. ಮೂರನೇ ಸಲ ವಾಪಸು ಬಂದದ್ದು ಸರಕಿನ ಎಣಿಕೆಯ ಎದುರು 'ಸೆಟ್' ಎಂದಿರಬೇಕಾದ ಕಡೆ ನಾವು 'ನಗ' ಎಂದು ಬರೆದಿದ್ದೇವೆಂಬ ಕಾರಣಕ್ಕೆ. ಮೊದಲ ಎರಡು ಸಲ ನೋಡಿದವರಿಗೆ ಅದು ಕಂಡಿರಲಿಲ್ಲ. ಕೊನೆಗೆ ಬಿಲ್ 'ಸ್ವೀಕೃತ'ವಾದದ್ದು ಐವತ್ತೇಳನೇ ದಿನ. ತೊಂಬತ್ತು ದಿನಗಳ ಎಣಿಕೆ ಅಂದಿನಿಂದ ಶುರು. ಹಣ ಕೈಸೇರಿದ್ದು ಸರಕು ತಲುಪಿದ ನೂರ ನಲವತ್ತೇಳನೇ ದಿನ. ಅಷ್ಟರಲ್ಲಿ ಆ ಪ್ಯಾನೆಲ್‌ಗಳು ಅವರ ಯಂತ್ರಗಳನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಓಡಿಸಿದ್ದವು. ಗಡುವಿನೊಳಗೇ ಪಾವತಿಸಿದ್ದೇವೆ ಎಂದು ಅವರ ದಾಖಲೆ ಹೇಳುತ್ತದೆ, ಮತ್ತು ಕಾಗದದ ಮಟ್ಟಿಗೆ ಅದು ಸುಳ್ಳಲ್ಲ.

ಇದರಿಂದ ಬೆಳೆಯುವ ಕಂಪನಿಗೆ ಆಗುವುದೇನು ಎಂಬುದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಿಂಗಳಿಗೆ 100ರಷ್ಟು ಮಾರಾಟವಿರುವ ಕಂಪನಿಯೊಂದಿದೆ ಎನ್ನಿ. ಖರ್ಚು 85, ಲಾಭ 15. ಖರ್ಚೆಲ್ಲ ಆಯಾ ತಿಂಗಳೇ ಹೊರಗೆ ಹೋಗುತ್ತದೆ: ತಾಮ್ರದ ಪಟ್ಟಿ ಮಾರುವವರು ನಮ್ಮಂಥವರಿಗೆ ಉದ್ದರಿ ಕೊಡುವುದಿಲ್ಲ, ಸಂಬಳ ತಡವಾಗುವಂತಿಲ್ಲ, ಎಷ್ಟೋ ದೇಶಗಳ ತೆರಿಗೆ ಪದ್ಧತಿಯಲ್ಲಿ ಬಿಲ್ ಮಾಡಿದೊಡನೆ ತೆರಿಗೆ ಕಟ್ಟಬೇಕೇ ಹೊರತು ಹಣ ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಬಿಲ್ಲಿನ ಹಣ ಬರುವುದು ಮೂರು ತಿಂಗಳಿಗೆ. ಅಂದರೆ 255ರಷ್ಟು ಸ್ವಂತ ದುಡ್ಡು ಯಾವಾಗಲೂ ಗಿರಾಕಿಗಳ ಬಳಿಯೇ ಇರುತ್ತದೆ. ಇನ್ನು ಮಾರಾಟ ಇಮ್ಮಡಿಯಾದರೆ ಇನ್ನೊಂದು 255 ಬೇಕು. ತಿಂಗಳಿಗೆ 15ರ ಲಾಭವನ್ನು ಒಂದು ಬಿಡಿಗಾಸೂ ಮುಟ್ಟದೆ ಕೂಡಿಟ್ಟರೂ ಅಷ್ಟಾಗಲು ಹದಿನೇಳು ತಿಂಗಳು ಹಿಡಿಯುತ್ತದೆ. ಅದೇ ಹಣ ಮೂವತ್ತು ದಿನಕ್ಕೆ ಬರುವಂತಿದ್ದರೆ ಬೇಕಾಗುವುದು 85 ಮಾತ್ರ. ಆರು ತಿಂಗಳೊಳಗೆ ಹೊಂದಿಸಬಹುದು. ಒಂದೇ ಸರಕು, ಒಂದೇ ಲಾಭ, ಅದೇ ಜನ. ಪಾವತಿಯ ದಿನವೊಂದನ್ನು ಬದಲಿಸಿದರೆ ಬೆಳವಣಿಗೆಯ ವೇಗ ಮೂರು ಪಾಲು ಬದಲಾಗುತ್ತದೆ. ಇದು ತೊಂಬತ್ತಕ್ಕೆ ಹಾಕಿದ ಲೆಕ್ಕ. ನೂರ ನಲವತ್ತೇಳಕ್ಕೆ ಹಾಕಿ ನೋಡುವ ಧೈರ್ಯ ನನಗೆ ಆ ವರ್ಷ ಬರಲಿಲ್ಲ.

ಆ ವರ್ಷದ ನಮ್ಮ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿದರೆ ಅಷ್ಟು ಚೆಂದದ ವರ್ಷ ಇನ್ನೊಂದಿಲ್ಲ. ಮಾರಾಟ ಏರಿತ್ತು, ಲಾಭ ಏರಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಮಾತ್ರ ತುಂಬಿಹೋಗಿತ್ತು. ನಮ್ಮ ಲೆಕ್ಕಪತ್ರ ನೋಡಿಕೊಳ್ಳುವ ಸಹೋದ್ಯೋಗಿ ತಿಂಗಳ ಇಪ್ಪತ್ತೆಂಟಕ್ಕೆ ಒಂದು ಗೆರೆ ಹಾಕಿದ ಪುಸ್ತಕ ಹಿಡಿದು ಬರುತ್ತಿದ್ದರು. ಅದರಲ್ಲಿ ಮೂರು ಕಲಂಗಳು: ಇಂದೇ ಕೊಡಬೇಕಾದವರು, ಫೋನ್ ಮಾಡಿ ತಡೆಯಬಹುದಾದವರು, ಫೋನ್ ಎತ್ತದಿದ್ದರೂ ನಡೆಯುವವರು. ನವೆಂಬರ್ ತಿಂಗಳಲ್ಲಿ ಸಂಬಳ ಮೊದಲ ಬಾರಿಗೆ ಎರಡನೇ ಕಲಂಗೆ ಬಂತು. ಮೊದಲಿನಿಂದ ಜೊತೆಗಿದ್ದ ಮೂವರನ್ನು ಕೂರಿಸಿಕೊಂಡು, ಹದಿನೈದು ದಿನ ಸುಧಾರಿಸಿಕೊಳ್ಳಿ ಎಂದು ಕೇಳಿದೆ. ಇಬ್ಬರು ಆಗಲಿ ಎಂದರು. ಮೂರನೆಯವರು, ವೈರಿಂಗ್ ವಿಭಾಗದ ಹಿರಿಯರು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇಷ್ಟೊಂದು ಕೆಲಸ ಮಾಡ್ತಿದ್ದೀವಲ್ಲ, ದುಡ್ಡೆಲ್ಲ ಎಲ್ಲಿಗೆ ಹೋಗ್ತಿದೆ?" ಎಂದು ಕೇಳಿದರು. ದುಡ್ಡು ಇದೆ, ಇನ್ನೊಬ್ಬರ ಬಳಿ ಇದೆ ಎಂದು ನಾನು ಹೇಳಿದ್ದು ನನಗೇ ನೆವದಂತೆ ಕೇಳಿಸಿತು. ವಿನ್ಯಾಸ ವಿಭಾಗದ ಇಬ್ಬರು ಎಂಜಿನಿಯರ್‌ಗಳು ಜನವರಿಯಲ್ಲಿ ಬಿಟ್ಟು ಹೋದರು. ಒಬ್ಬರು ಸೇರಿದ್ದು ನಮಗೆ ಬಾಕಿ ಉಳಿಸಿಕೊಂಡಿದ್ದ ಅದೇ ಕಂಪನಿಗೆ. ಅವರನ್ನು ದೂರಲಾರೆ. ಅಲ್ಲಿ ಸಂಬಳ ಹೇಳಿದ ದಿನಕ್ಕೆ ಬರುತ್ತಿತ್ತು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಪ್ಯಾನೆಲ್ ಪೆಟ್ಟಿಗೆಗಳಿಗೆ ಪೌಡರ್ ಕೋಟಿಂಗ್ ಮಾಡಿಕೊಡುವವರೊಬ್ಬರಿದ್ದರು. ಅಪ್ಪ, ಮಗ ಮತ್ತು ಆರು ಜನ ಕೆಲಸದವರು, ಅಷ್ಟೇ. ನಿಮ್ಮಂಥವರು ನನಗೆ ಮಾಡಿದ್ದನ್ನು ನಾನು ಅವರಿಗೆ ಮಾಡಿದೆ. ಅವರ ಬಿಲ್ಲನ್ನು ಮೂರು ತಿಂಗಳು ತಡೆದೆ. ಬಣ್ಣ ಸರಿಯಾಗಿ ಕೂತಿಲ್ಲವೆಂದು ಒಂದು ತಕರಾರನ್ನೂ ತೆಗೆದೆ. ಬಣ್ಣ ಸರಿಯಾಗಿಯೇ ಇತ್ತು. ಫೋನ್ ಎತ್ತದಿದ್ದರೂ ನಡೆಯುವವರ ಕಲಂನಲ್ಲಿ ಅವರ ಹೆಸರನ್ನು ಬರೆಸಿದವನು ನಾನೇ. ಮುಂದಿನ ವರ್ಷ ಅವರು ಕೆಲಸ ನಿಲ್ಲಿಸಿ ಯಂತ್ರಗಳನ್ನು ಮಾರಿಬಿಟ್ಟರು. ಅದಕ್ಕೆ ನನ್ನ ಬಾಕಿಯೊಂದೇ ಕಾರಣವಲ್ಲದಿರಬಹುದು, ಆದರೆ ಕಾರಣಗಳಲ್ಲಿ ಅದೂ ಒಂದು. ಮೇಲಿನವರು ತಡೆದ ಹಣ ಕೆಳಗಿಳಿಯುತ್ತಾ ಹೋಗಿ, ತಡೆದುಕೊಳ್ಳುವ ಶಕ್ತಿ ಎಲ್ಲಕ್ಕಿಂತ ಕಡಿಮೆಯಿರುವವರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನಾನು ಕೇಳಿ ತಿಳಿದದ್ದಲ್ಲ, ಮಾಡಿ ತಿಳಿದದ್ದು. ಅವರ ಬಾಕಿಯನ್ನು ಬಡ್ಡಿಯೊಂದಿಗೆ ತೀರಿಸಿದ್ದೇನೆ. ಮಗ ಹಣ ತೆಗೆದುಕೊಂಡರು, ಮಾತಾಡಲಿಲ್ಲ.

ನಿಮ್ಮ ಕುರ್ಚಿಯ ಕಷ್ಟವೂ ನನಗೆ ತಿಳಿಯದ್ದಲ್ಲ. ನಿಮ್ಮನ್ನೂ ಅಳೆಯುವವರಿದ್ದಾರೆ. ಪೂರೈಕೆದಾರರಿಗೆ ಸರಾಸರಿ ಎಷ್ಟು ದಿನಕ್ಕೆ ಪಾವತಿಸುತ್ತೀರಿ ಎಂಬ ಸಂಖ್ಯೆ ಏರಿದಷ್ಟೂ ನಿರ್ದೇಶಕ ಮಂಡಳಿಯ ಸಭೆಯಲ್ಲಿ ನಿಮಗೆ ಶಹಬ್ಬಾಸ್ ಸಿಗುತ್ತದೆ. ನಗದನ್ನು ಚೆನ್ನಾಗಿ ನಿಭಾಯಿಸಿದಿರಿ ಎನ್ನುತ್ತಾರೆ. 1990ರ ದಶಕದಲ್ಲಿ ಕಂಪ್ಯೂಟರ್ ತಯಾರಿಸುವ ಡೆಲ್ ಕಂಪನಿ ಗಿರಾಕಿಯಿಂದ ಹಣವನ್ನು ಮೊದಲು ಪಡೆದು, ಬಿಡಿಭಾಗ ಕೊಟ್ಟವರಿಗೆ ಆಮೇಲೆ ಕೊಡುತ್ತಾ, ಬೇರೆಯವರ ಹಣದಲ್ಲೇ ಬೆಳೆದದ್ದನ್ನು ಎಲ್ಲರೂ ಪಾಠವಾಗಿ ಓದಿದರು. ಆದರೆ ಡೆಲ್‌ನ ಗುಟ್ಟಿನ ದೊಡ್ಡ ಪಾಲು ಗೋದಾಮಿನಲ್ಲಿ ಸರಕು ಕೂರದಂತೆ ನೋಡಿಕೊಂಡದ್ದರಲ್ಲಿತ್ತು. ಅದು ಕಷ್ಟದ ಕೆಲಸ. ಪಾಠ ಓದಿದವರಲ್ಲಿ ಹೆಚ್ಚಿನವರು ಸುಲಭದ ಅರ್ಧವನ್ನಷ್ಟೇ ಕಲಿತರು ಎಂಬುದು ನನ್ನ ಅನಿಸಿಕೆ. ಮೇಲಧಿಕಾರಿಗಳು ಒಪ್ಪಿದ ಪಾವತಿಯೂ ಕೆಳಗಿನ ಮೇಜುಗಳಲ್ಲಿ ನಿಲ್ಲುವುದುಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಲೆಕ್ಕಪತ್ರದವರು ವಾರಕ್ಕೊಮ್ಮೆ ಹೇಳುತ್ತಾರೆ. ಆದರೆ ನಿಯಮ ಮಾಡುವವರು ಪೂಜಾರಿಗಳಲ್ಲವಲ್ಲ.

ಈಚೆಗೆ ಇನ್ನೊಂದು ಪದ್ಧತಿ ಬಂದಿದೆ. ಬೇಗ ಹಣ ಬೇಕಾದರೆ ಶೇ 2 ಬಿಟ್ಟುಕೊಡಿ, ತೊಂಬತ್ತರ ಬದಲು ಮೂವತ್ತನೇ ದಿನಕ್ಕೆ ಕೊಡುತ್ತೇವೆ ಎಂಬ ಸಂದೇಶ ಪೋರ್ಟಲ್‌ನಲ್ಲೇ ಕಾಣಿಸಿಕೊಳ್ಳುತ್ತದೆ. ಅರವತ್ತು ದಿನಕ್ಕೆ ಶೇ 2 ಎಂದರೆ ವರ್ಷಕ್ಕೆ ಶೇ 12ಕ್ಕಿಂತ ಹೆಚ್ಚು ಬಡ್ಡಿ. ನನ್ನ ದುಡ್ಡನ್ನು ನನಗೇ ಬಡ್ಡಿಗೆ ಕೊಡುವ ಈ ಏರ್ಪಾಡಿಗೆ 'ಪೂರೈಕೆದಾರರ ನೆರವು ಯೋಜನೆ' ಎಂಬ ಹೆಸರನ್ನು ಒಂದು ಕಡೆ ನೋಡಿದೆ.

ಸಾಲ ತೆಗೆದುಕೊಳ್ಳಿ, ಬಿಲ್ ಡಿಸ್ಕೌಂಟಿಂಗ್ (ಬಾಕಿಯಿರುವ ಬಿಲ್ಲಿನ ಮೇಲೆ ಶುಲ್ಕ ಕೊಟ್ಟು ಬ್ಯಾಂಕಿನಿಂದ ಮುಂಚೆಯೇ ಹಣ ಪಡೆಯುವುದು) ಮಾಡಿಸಿಕೊಳ್ಳಿ ಎಂಬ ಸಲಹೆ ಕೊಡುವವರಿದ್ದಾರೆ. ಮಾಡಿಸಿದ್ದೇವೆ. ಆದರೆ 'ಸ್ವೀಕೃತ'ವಾಗದ ಬಿಲ್ಲಿನ ಮೇಲೆ ಬ್ಯಾಂಕಿನವರು ಹಣ ಕೊಡುವುದಿಲ್ಲ. ನಮಗೆ ಹಣ ಅತಿ ಹೆಚ್ಚು ಬೇಕಾಗುವುದು ಅದೇ ಐವತ್ತೇಳು ದಿನಗಳಲ್ಲಿ. ಪೂರೈಕೆದಾರರ ಬಿಲ್‌ಗಳಿಗೆ ಹಣ ಒದಗಿಸುವುದನ್ನೇ ದೊಡ್ಡ ವ್ಯವಹಾರ ಮಾಡಿಕೊಂಡಿದ್ದ ಗ್ರೀನ್‌ಸಿಲ್ ಕ್ಯಾಪಿಟಲ್ 2021ರ ಮಾರ್ಚ್‌ನಲ್ಲಿ ದಿವಾಳಿಯೆದ್ದದ್ದು ನಿಮಗೆ ನೆನಪಿರಬಹುದು. ನಡುವೆ ನಿಂತವರು ಬಿದ್ದರೆ ಆ ದಾರಿಯೂ ಮುಚ್ಚುತ್ತದೆ.

ಕಾನೂನಿದೆಯಲ್ಲ ಎಂದು ಕೇಳಬಹುದು. ಇದೆ, ಬೇಕಾದಷ್ಟಿದೆ. ಬ್ರಿಟನ್ನಿನ 1998ರ ಕಾಯ್ದೆಯ ಪ್ರಕಾರ ತಡವಾದ ಪಾವತಿಗೆ ಅಲ್ಲಿನ ಕೇಂದ್ರ ಬ್ಯಾಂಕಿನ ಮೂಲ ದರದ ಮೇಲೆ ಶೇ 8ರಷ್ಟು ಬಡ್ಡಿ ಕೇಳಬಹುದು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಕಂಪನಿಗಳ ನಡುವಿನ ಪಾವತಿಗೆ 60 ದಿನಗಳನ್ನು ಮಿತಿಯೆನ್ನುತ್ತದೆ, ಆದರೆ ಇಬ್ಬರೂ ಸ್ಪಷ್ಟವಾಗಿ ಒಪ್ಪಿಕೊಂಡಿದ್ದರೆ, ತೀರಾ ಅನ್ಯಾಯವಲ್ಲದಿದ್ದರೆ, ಇನ್ನೂ ಹೆಚ್ಚಾಗಬಹುದು ಎಂದು ಬಾಗಿಲು ತೆರೆದಿಡುತ್ತದೆ. ನಾವು ಒಪ್ಪಿ ಸಹಿ ಹಾಕಿದ್ದೇವಲ್ಲ! ಭಾರತದ 2006ರ ಕಾಯ್ದೆ ಸಣ್ಣ ಉದ್ಯಮಗಳಿಗೆ 45 ದಿನಗಳಿಗಿಂತ ಹೆಚ್ಚಿನ ಗಡುವನ್ನು ಒಪ್ಪುವುದಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇವೆಲ್ಲವುಗಳ ಅಡಿಯಲ್ಲಿ ದೂರು ಕೊಡಬೇಕಾದವನು ಪೂರೈಕೆದಾರ. ವಹಿವಾಟಿನ ಅರ್ಧ ಯಾರಿಂದ ಬರುತ್ತದೆಯೋ ಅವರ ಮೇಲೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಬರುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ನಾನು ತಡಪಾವತಿಗೆ ಬಡ್ಡಿ ಕೇಳಿ ಒಂದೇ ಒಂದು ಪತ್ರ ಬರೆದಿದ್ದೇನೆ, ಕಳಿಸಲಿಲ್ಲ.

ಸ್ವಯಂಪ್ರೇರಿತ ಸಂಹಿತೆಗಳ ಮೇಲೂ ನನಗೆ ಹೆಚ್ಚಿನ ಭರವಸೆಯಿಲ್ಲ. ಬ್ರಿಟನ್ನಿನ ದೊಡ್ಡ ನಿರ್ಮಾಣ ಕಂಪನಿ ಕ್ಯಾರಿಲಿಯನ್, ಪೂರೈಕೆದಾರರಿಗೆ ಸಕಾಲದಲ್ಲಿ ಪಾವತಿಸುವ ಸಂಹಿತೆಗೆ ಸಹಿ ಹಾಕಿತ್ತು. ಅದೇ ಕಂಪನಿ ಪಾವತಿಗೆ 120 ದಿನಗಳ ಗಡುವು ಇಟ್ಟುಕೊಂಡಿತ್ತು. ಬೇಗ ಬೇಕೆಂದವರಿಗೆ ಬ್ಯಾಂಕುಗಳ ಮೂಲಕ, ಶುಲ್ಕ ಮುರಿದುಕೊಂಡು ಕೊಡಿಸುತ್ತಿತ್ತು. 2018ರ ಜನವರಿಯಲ್ಲಿ ಅದು ಮುಳುಗಿದಾಗ ಹೊಣೆಗಳು ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್. ಹಣಕ್ಕಾಗಿ ಕಾಯುತ್ತಿದ್ದ ಪೂರೈಕೆದಾರರು, ಉಪಗುತ್ತಿಗೆದಾರರ ಸಂಖ್ಯೆ ಸುಮಾರು 30,000. ಪಾವತಿಯ ದಿನಗಳನ್ನು ಎಳೆಯುವುದು ಜಾಣತನದ ಲಕ್ಷಣವೇ ಆಗಬೇಕಿಲ್ಲ, ಒಳಗೆ ಏನೋ ಬಿರುಕು ಬಿಟ್ಟಿರುವುದರ ಸೂಚನೆಯೂ ಆಗಿರಬಹುದು ಎಂಬುದನ್ನು ನಿಮ್ಮ ಷೇರುದಾರರು ಅದರಿಂದ ಕಲಿತಿರಬಹುದು.

ಹಾಗಾಗಿ ನನ್ನ ವಿನಂತಿಗಳು ಕಾನೂನಿನ ಬಗೆಗಿನವಲ್ಲ. ನೀವು ನಾಳೆ ಬೆಳಿಗ್ಗೆ ನಿಮ್ಮ ಸಹಿಯಿಂದಲೇ ಮಾಡಬಹುದಾದಂಥವು.

ಎಲ್ಲಕ್ಕಿಂತ ಮೊದಲನೆಯದಾಗಿ, ದಿನಗಳ ಎಣಿಕೆಯನ್ನು ಸರಕು ನಿಮ್ಮ ಗೇಟು ದಾಟಿದ ದಿನದಿಂದ ಶುರುಮಾಡಿ. ಬಿಲ್ಲಿನಲ್ಲಿ ತಪ್ಪಿದ್ದರೆ ತಿದ್ದಿಸಿಕೊಳ್ಳಿ, ನಾವು ತಿದ್ದಿಕೊಡುತ್ತೇವೆ. ಆದರೆ ಪ್ರತಿ ತಿದ್ದುಪಡಿಗೂ ಎಣಿಕೆ ಒಂದರಿಂದ ಶುರುವಾಗುವುದು ಬೇಡ. ಈ ಒಂದು ಬದಲಾವಣೆ ಆದರೆ ಉಳಿದವು ಅರ್ಧ ತಾವಾಗಿಯೇ ಆಗುತ್ತವೆ, ಏಕೆಂದರೆ ಬಿಲ್ಲನ್ನು ವಾಪಸು ಕಳಿಸುವುದರಿಂದ ನಿಮ್ಮ ಕಡೆಯವರಿಗೆ ಆಗುವ ಲಾಭ ಇಲ್ಲವಾಗುತ್ತದೆ. ಜೊತೆಗೆ, ತಪ್ಪುಗಳಿದ್ದರೆ ಅಷ್ಟನ್ನೂ ಒಂದೇ ಸಲ, ಏಳು ದಿನಗಳೊಳಗೆ ತಿಳಿಸುವ ನಿಯಮವಿರಲಿ. ಇಪ್ಪತ್ತು ಐಟಂಗಳಲ್ಲಿ ಒಂದರ ಬಗ್ಗೆ ತಕರಾರಿದ್ದರೆ ಆ ಒಂದನ್ನು ತಡೆಯಿರಿ, ಹತ್ತೊಂಬತ್ತರ ಹಣ ಬಿಡುಗಡೆ ಮಾಡಿ.

ನೂರು ಜನರಿಗಿಂತ ಕಡಿಮೆ ಇರುವ ಕಂಪನಿಗಳಿಗೆ ಮೂವತ್ತು ದಿನಗಳ ಗಡುವನ್ನು, ಅವರು ಕೇಳದೆಯೇ, ಒಪ್ಪಂದದಲ್ಲಿ ಬರೆಯಿರಿ. ನಿಮ್ಮ ಒಟ್ಟು ಖರೀದಿಯಲ್ಲಿ ನಮ್ಮಂಥವರ ಪಾಲು ಎಷ್ಟೆಂದು ಒಮ್ಮೆ ತೆಗೆಸಿ ನೋಡಿ. ನಿಮ್ಮ ನಗದಿನ ಲೆಕ್ಕದಲ್ಲಿ ಅದು ಹೆಚ್ಚಿನ ವ್ಯತ್ಯಾಸ ಮಾಡಲಾರದು ಎಂಬುದು ನನ್ನ ಊಹೆ. ನಮ್ಮ ಲೆಕ್ಕದಲ್ಲಿ ಅದು ಉಳಿಯುವುದಕ್ಕೂ ಮುಚ್ಚುವುದಕ್ಕೂ ಇರುವ ವ್ಯತ್ಯಾಸ.

ಪೋರ್ಟಲ್‌ನಲ್ಲಿ 'ಪರಿಶೀಲನೆಯಲ್ಲಿದೆ' ಎಂಬ ಪದದ ಪಕ್ಕದಲ್ಲಿ ಒಬ್ಬ ಮನುಷ್ಯರ ಹೆಸರಿರಲಿ. ಯಾರನ್ನೂ ಕಾಡುವುದಕ್ಕಲ್ಲ. ಕೇಳಲು ಒಬ್ಬರಿದ್ದಾರೆಂದು ಗೊತ್ತಿದ್ದರೆ, ಸಂಬಳದ ದಿನಕ್ಕೆ ಮುಂಚೆ ನಾವು ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳಬಹುದು. ತಡವಾಗುವುದಕ್ಕಿಂತ ಹೆಚ್ಚು ನಷ್ಟ ಮಾಡುವುದು ಯಾವಾಗ ಎಂದು ತಿಳಿಯದಿರುವುದು.

ಕೊನೆಯದು ನಿಮ್ಮ ನಿರ್ದೇಶಕ ಮಂಡಳಿಗೆ. ಬ್ರಿಟನ್ನಿನ ದೊಡ್ಡ ಕಂಪನಿಗಳು 2017ರಿಂದ ತಾವು ಸರಾಸರಿ ಎಷ್ಟು ದಿನಕ್ಕೆ ಪಾವತಿಸುತ್ತೇವೆ ಎಂಬುದನ್ನು ಆರು ತಿಂಗಳಿಗೊಮ್ಮೆ ಬಹಿರಂಗವಾಗಿ ಪ್ರಕಟಿಸಬೇಕಾಗಿದೆ. ಯಾವ ಕಾನೂನಿನ ಒತ್ತಾಯವೂ ಇಲ್ಲದೆ ನೀವೂ ಆ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಹಾಕಬಹುದು, ಸರಕು ಬಂದ ದಿನದಿಂದ ಎಣಿಸಿ. ಹಿರಿಯ ಅಧಿಕಾರಿಗಳ ಬೋನಸ್ ಲೆಕ್ಕ ಹಾಕುವಾಗ ಆ ಸಂಖ್ಯೆ ಏರಿದ್ದಕ್ಕೆ ಅಂಕ ಕೊಡುವುದನ್ನಾದರೂ ನಿಲ್ಲಿಸಬಹುದು.

ಒಂದೇ ಗಿರಾಕಿಯನ್ನು ಅಷ್ಟೊಂದು ನೆಚ್ಚಿಕೊಂಡದ್ದು ನಿಮ್ಮ ತಪ್ಪು ಎಂದು ನೀವು ಹೇಳಬಹುದು. ಹೇಳಿದರೆ ನಾನು ವಾದಿಸುವುದಿಲ್ಲ. ಈಗ ಯಾವ ಗಿರಾಕಿಯ ಪಾಲೂ ನಮ್ಮ ವಹಿವಾಟಿನ ಕಾಲು ಭಾಗ ಮೀರದಂತೆ ನೋಡಿಕೊಳ್ಳುತ್ತೇವೆ. ಅದಕ್ಕಾಗಿ ಕಳೆದ ವರ್ಷ ಎರಡು ಒಳ್ಳೆಯ ಆರ್ಡರ್‌ಗಳನ್ನು ಬಿಟ್ಟೆವು. ಅವನ್ನು ಮಾಡುವ ಜನ ನಮ್ಮಲ್ಲಿದ್ದರು, ಯಂತ್ರಗಳಿದ್ದವು, ಜಾಗವಿತ್ತು. ನೂರ ನಲವತ್ತೇಳು ದಿನ ಕಾಯುವ ದುಡ್ಡಿರಲಿಲ್ಲ. ಆ ಕೆಲಸಕ್ಕೆಂದು ಸೇರಿಸಿಕೊಳ್ಳಬೇಕೆಂದಿದ್ದ ಹನ್ನೆರಡು ಜನರಿಗೆ, ಸದ್ಯಕ್ಕೆ ಬೇಡ ಎಂದು ಪತ್ರ ಬರೆದವನೂ ನಾನೇ.

ಈ ಪತ್ರಕ್ಕೆ ಉತ್ತರ ಬರೆಯಬೇಕೆಂದೇನೂ ಇಲ್ಲ. ಇಂದಿಗೆ ನಮ್ಮ ಎರಡು ಬಿಲ್‌ಗಳು ನಿಮ್ಮಂಥದೇ ಕಚೇರಿಯೊಂದರಲ್ಲಿವೆ. ಒಂದಕ್ಕೆ ನೂರ ಹನ್ನೆರಡು ದಿನ, ಇನ್ನೊಂದಕ್ಕೆ ಎಪ್ಪತ್ತು. ಎಪ್ಪತ್ತರದ್ದು ನಿನ್ನೆ ಸಂಜೆ ವಾಪಸು ಬಂದಿದೆ. ಸಹಿ ನೀಲಿ ಶಾಯಿಯಲ್ಲಿಲ್ಲವಂತೆ.

ಇತಿ ತಮ್ಮ ವಿಶ್ವಾಸಿ,
ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಕಂಪನಿಯೊಂದರ ಸ್ಥಾಪಕ